ಹೊಸ್ತಿಲಲ್ಲಿ ಅರ್ಧ

ಏಳನೆಯ ಪ್ರಶ್ನೆಯ ಪಕ್ಕ ಸೊನ್ನೆ ಹಾಕಿ, ಅದರ ಸುತ್ತ ಒಂದು ವೃತ್ತ ಎಳೆದು, ಮುಖಪುಟದ ಏಳನೆಯ ಚೌಕದಲ್ಲೂ ಅದೇ ಸೊನ್ನೆಯನ್ನು ಬರೆದು ಮುಗಿಸಿದ ಮೇಲೆಯೇ ಮೇಡಂ ಆ ಉತ್ತರವನ್ನು ಪೂರ್ತಿ ಓದಿದ್ದು. ಕೆಂಪು ಶಾಯಿ ಇನ್ನೂ ಆರಿರಲಿಲ್ಲ.

ಮೊದಲ ನೋಟಕ್ಕೆ ಕಂಡದ್ದು ಇಷ್ಟೇ. ಬರೆದವರು ಸರಿಯಾದ ಉತ್ತರವನ್ನೇ ಬರೆದಿದ್ದರು. ಕೀ ಉತ್ತರದಲ್ಲಿ ಇದ್ದಂತೆಯೇ ಮೂರು ಸಾಲು, ಕೊನೆಯಲ್ಲಿ ಅರ್ಧ. ಆಮೇಲೆ ಅದೇನು ತಿಳಿಯಿತೋ, ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು ಅದನ್ನು ಹೊಡೆದುಹಾಕಿದ್ದರು. ಮೂವತ್ತೊಂದು ವರ್ಷ ಉತ್ತರಪತ್ರಿಕೆ ತಿದ್ದಿದ ಕೈಗೆ ಇದು ಹೊಸದೇನಲ್ಲ. ಕೊನೆಯ ಹತ್ತು ನಿಮಿಷದಲ್ಲಿ ಮಕ್ಕಳಿಗೆ ಬುದ್ಧಿ ಕೈಕೊಡುತ್ತದೆ. ಸರಿಯನ್ನು ಹೊಡೆದು ತಪ್ಪನ್ನು ಬರೆದು ಬರುತ್ತಾರೆ, ಹೊರಗೆ ಬಂದು ಹಣೆ ಬಡಿದುಕೊಳ್ಳುತ್ತಾರೆ. ಹೊಡೆದುಹಾಕಿದ್ದಕ್ಕೆ ಅಂಕವಿಲ್ಲ, ನಿಯಮ ಹಾಗಿದೆ. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲೋ’ ಎಂದು ಒಳಗೇ ಅಂದುಕೊಂಡು ಸೊನ್ನೆ ಹಾಕಿದ್ದರು.

ಮೌಲ್ಯಮಾಪನ ನಡೆಯುತ್ತಿದ್ದದ್ದು ಕಾಲೇಜಿನ ನಕ್ಷೆ ಬಿಡಿಸುವ ಹಾಲಿನಲ್ಲಿ. ಅಲ್ಲಿನ ಮೇಜುಗಳೆಲ್ಲ ಇಳಿಜಾರು. ಪೆನ್ನು ಇಟ್ಟರೆ ಉರುಳಿ ಮಡಿಲಿಗೆ ಬರುತ್ತಿತ್ತು. ಅದಕ್ಕೇ ಎಲ್ಲರೂ ಒಂದೊಂದು ರಬ್ಬರ್ ತುಂಡನ್ನು ಅಡ್ಡ ಇಟ್ಟುಕೊಂಡಿದ್ದರು. ಮೇಲೆ ಆರು ಫ್ಯಾನು, ತಿರುಗುತ್ತಿದ್ದದ್ದು ನಾಲ್ಕು. ಮೊಬೈಲುಗಳೆಲ್ಲ ಬಾಗಿಲ ಬಳಿಯ ಟ್ರೇಯಲ್ಲಿ ಮಲಗಿದ್ದವು, ಆಗಾಗ ಒಂದೊಂದು ಗುರುಗುಟ್ಟುತ್ತಿತ್ತು.

ಪಕ್ಕದ ಕುರ್ಚಿಯವನು ಬೇರೆ ಕಾಲೇಜಿನ ಅಧ್ಯಾಪಕ. ಗಂಟೆಗೆ ಹದಿನೆಂಟು ಪತ್ರಿಕೆ ತಿದ್ದುತ್ತಾನೆಂದು ಇಡೀ ಹಾಲ್ ಅವನನ್ನು ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಿತ್ತು. ಅವನೂ ಅದನ್ನು ಬಿರುದಿನ ಹಾಗೆ ಹೊತ್ತುಕೊಂಡಿದ್ದ.

"ಮೇಡಂ, ಕೇಳಿ ಇಲ್ಲಿ. ‘ಸಾರ್, ನನಗೆ ಮದುವೆ ಗೊತ್ತಾಗಿದೆ. ಹುಡುಗಿ ಮನೆಯವರಿಗೆ ಆಗಲೇ ಪಾಸಾಗಿದ್ದೇನೆ ಅಂತ ಹೇಳಿಬಿಟ್ಟಿದ್ದೇನೆ.’ ಐದನೇ ಪ್ರಶ್ನೆಗೆ ಉತ್ತರ ಇದು."

"ಎಷ್ಟು ಕೊಟ್ಟಿರಿ?"

"ಧೈರ್ಯಕ್ಕೆ ಕೊಡೋಕೆ ಕೀ ಉತ್ತರದಲ್ಲಿ ಜಾಗ ಇಲ್ವಲ್ಲ!" ಅವನು ನಕ್ಕು ಹಾಳೆ ತಿರುವಿದ. "ಇದನ್ನ ಮೇಲೆ ತೋರಿಸಿದ್ರೆ ಅಕ್ರಮ ಅಂತ ಕೇಸೇ ಹಾಕ್ತಾರೆ. ತನ್ನ ಬಗ್ಗೆ ಒಂದು ಅಕ್ಷರ ಬರೆದ್ರೂ ಪತ್ರಿಕೆ ರದ್ದು. ಹೇಗೂ ಫೇಲಾಗ್ತಾನೆ, ಬಿದ್ದವನ ಮೇಲೆ ನಾನ್ಯಾಕೆ ಕಲ್ಲು ಹಾಕ್ಲಿ ಅಂತ ಸುಮ್ನಾದೆ."

ಮೇಡಂ ನಗಲು ಹೊರಟವರು ನಗಲಿಲ್ಲ. ಅವರ ಕಣ್ಣು ಹೊಡೆದುಹಾಕಿದ ಗೆರೆಯ ಕೆಳಗೆ ಇಳಿದಿತ್ತು. ಅಲ್ಲಿ ಇನ್ನೂ ಒಂದು ಪುಟ ಬರೆದಿತ್ತು.

‘ಮೇಲೆ ಹೊಡೆದುಹಾಕಿರುವುದು ನೋಟ್ಸಿನಲ್ಲಿರುವ ಉತ್ತರ. ಪದರಕ್ಕೆ ಸ್ವಲ್ಪ ದಪ್ಪವಿದೆ ಎಂದು ಇಟ್ಟುಕೊಂಡು ಮಾಡಿದರೆ ಬೇರೆ ಉತ್ತರ ಬರುತ್ತದೆ.’

ಪ್ರಶ್ನೆ ನೋಡುವುದಕ್ಕೆ ಸಣ್ಣದು. ವಿದ್ಯುದಾವೇಶದ ಒಂದು ಪದರವಿದೆ, ದಪ್ಪವೇ ಇಲ್ಲದಷ್ಟು ತೆಳು. ಅದರ ಈಚೆ ಬದಿಯಲ್ಲಿ ವಿದ್ಯುತ್ ಕ್ಷೇತ್ರ ಸೊನ್ನೆ, ಆಚೆ ಬದಿಯಲ್ಲಿ ಒಂದು. ಪದರದ ಮೇಲೆ ಬೀಳುವ ಬಲವು ಕ್ಷೇತ್ರದ ವರ್ಗದ ಹಾಗೆ ಬೆಳೆಯುವುದಾದರೆ ಒಟ್ಟು ಬಲ ಎಷ್ಟು? ಎಂಟು ಅಂಕ.

ಕ್ಷೇತ್ರ ಇಲ್ಲಿ ಒಂದು ಮೆಟ್ಟಿಲು. ಸೊನ್ನೆಯಿಂದ ಒಂದಕ್ಕೆ ಒಂದೇ ನೆಗೆತ. ಆವೇಶವೆಲ್ಲ ನೆಗೆಯುವ ಆ ಒಂದು ಬಿಂದುವಿನಲ್ಲೇ ಇದೆ. ಅಂಥದ್ದಕ್ಕೆ ಗಣಿತದಲ್ಲಿ ಡೆಲ್ಟಾ ಎಂದು ಹೆಸರು. ಮೊದಲ ದಿನದ ಪಾಠದಲ್ಲಿ ಮೇಡಂ ಯಾವಾಗಲೂ ಸುತ್ತಿಗೆಯ ಮಾತು ಹೇಳುತ್ತಿದ್ದರು. ಸುತ್ತಿಗೆ ಮೊಳೆಗೆ ಬಡಿಯಿತು. ಬಡಿಯುವ ಮೊದಲು ಬಲವಿಲ್ಲ, ಬಡಿದ ಮೇಲೂ ಬಲವಿಲ್ಲ, ನೋಡಿದರೆ ಮೊಳೆ ಒಳಗೆ ಹೋಗಿದೆ. ಹಾಗಾದರೆ ಬಲ ಎಲ್ಲಿತ್ತು? ಆ ಒಂದು ಕ್ಷಣದಲ್ಲಿ ಎಷ್ಟಿತ್ತು ಎಂದು ಡೆಲ್ಟಾವನ್ನು ಕೇಳಬಾರದು, ಅದು ಹೇಳುವುದಿಲ್ಲ. ಇನ್ನೊಂದರ ಜೊತೆ ಇಟ್ಟು ಗುಣಿಸಿ, ಒಟ್ಟು ಕೂಡಿದರೆ ಏನು ಬರುತ್ತದೆ ಎಂದು ಕೇಳಬೇಕು, ಆಗ ಹೇಳುತ್ತದೆ. ಆದರೆ ಜೊತೆಗಿಡುವುದು ಮಾತ್ರ ನುಣುಪಾಗಿರಬೇಕು. ಅದೇ ಬಿಂದುವಿನಲ್ಲಿ ತಾನೂ ಮುರಿದಿರುವ ಒಂದನ್ನು ತಂದು ಡೆಲ್ಟಾದ ಪಕ್ಕದಲ್ಲಿ ಇಡಬಾರದು.

ಈ ಮಾತು ಅವರದೇ ನೋಟ್ಸಿನ ಮೊದಲ ಪುಟದಲ್ಲಿತ್ತು. ನಲವತ್ತಾರನೆಯ ಪುಟದಲ್ಲಿ ಅವರೇ ಅದನ್ನು ಮೀರಿದ್ದರು.

ಬಲವು ವರ್ಗವಿಲ್ಲದೆ, ಕ್ಷೇತ್ರದ ಹಾಗೆಯೇ ಬೆಳೆದರೆ ಅರ್ಧ ಬರುತ್ತದೆ. ಅದರಲ್ಲಿ ತಕರಾರಿಲ್ಲ, ಹಳೆಯ ಪುಸ್ತಕಗಳಲ್ಲೆಲ್ಲ ಇದೆ. ಮಕ್ಕಳ ನೆನಪಿನಲ್ಲಿ ಉಳಿಯಲಿ ಎಂದು ಮೇಡಂ ಕೆಲಸಕ್ಕೆ ಸೇರಿದ ಹೊಸತರಲ್ಲೇ ಒಂದು ಸಾಲು ಕಟ್ಟಿದ್ದರು: ಹೊಸ್ತಿಲಲ್ಲಿ ನಿಂತವನು ಅರ್ಧ ಒಳಗೆ, ಅರ್ಧ ಹೊರಗೆ. ಹನ್ನೊಂದು ವರ್ಷದ ಹಿಂದೆ ನೋಟ್ಸು ಅಚ್ಚಾಗುವಾಗ ಒಂದು ಹೆಚ್ಚಿನ ಲೆಕ್ಕ ಇರಲಿ ಎಂದು ವರ್ಗವನ್ನೂ ಸೇರಿಸಿದರು. ಸೊನ್ನೆಯ ವರ್ಗ ಸೊನ್ನೆ, ಒಂದರ ವರ್ಗ ಒಂದು. ಮೆಟ್ಟಿಲಿನ ವರ್ಗವೂ ಅದೇ ಮೆಟ್ಟಿಲು. ಆದ್ದರಿಂದ ಉತ್ತರ ಮತ್ತೆ ಅರ್ಧ. ಎಷ್ಟು ಅಂದವಾಗಿ ಬಂತಲ್ಲ ಎಂದು ಅಂದು ಅವರಿಗೇ ಖುಷಿಯಾಗಿತ್ತು. ನೋಟ್ಸು ಎಲ್ಲ ಕಾಲೇಜುಗಳಿಗೂ ಹೋಯಿತು. ಪ್ರಶ್ನೆಪತ್ರಿಕೆ ತೆಗೆಯುವವರು ಯಾರೋ ಅದನ್ನೇ ಎತ್ತಿ ಏಳನೆಯ ಪ್ರಶ್ನೆ ಮಾಡಿದ್ದರು. ಮೌಲ್ಯಮಾಪನ ಶಿಬಿರದ ಮೊದಲ ದಿನ ಕೀ ಉತ್ತರ ಓದಿ ಒಪ್ಪಿ ಸಹಿ ಹಾಕಿದ ಒಂಬತ್ತು ಜನರಲ್ಲಿ ಮೊದಲ ಸಹಿ ಮೇಡಂದೇ. ಹಿರಿಯರು ಎಂದು ಹಾಳೆಯನ್ನು ಮೊದಲು ಅವರ ಮುಂದೆಯೇ ಇಟ್ಟಿದ್ದರು.

ಕರಡು ಕಾಗದ ಎಳೆದುಕೊಂಡು ಮೇಡಂ ಲೆಕ್ಕ ಮಾಡಿದರು. ಪದರಕ್ಕೆ ಕೂದಲೆಳೆಯಷ್ಟು ದಪ್ಪ ಕೊಟ್ಟರೆ ಕ್ಷೇತ್ರ ನೆಗೆಯುವುದಿಲ್ಲ, ಸೊನ್ನೆಯಿಂದ ಒಂದಕ್ಕೆ ಹತ್ತುತ್ತಾ ಹೋಗುತ್ತದೆ. ಹತ್ತುವಾಗ ಅದರ ಸರಾಸರಿ ಅರ್ಧ, ಸರಿ. ಆದರೆ ವರ್ಗದ ಸರಾಸರಿ? ನಡುದಾರಿಯಲ್ಲಿ ಕ್ಷೇತ್ರ ಅರ್ಧ ಇದ್ದಾಗ ವರ್ಗ ಕಾಲು ಮಾತ್ರ. ಒಟ್ಟು ಅರ್ಧಕ್ಕಿಂತ ಕಡಿಮೆಯೇ ಬರಬೇಕು. ಬಂದದ್ದು ಮೂರರಲ್ಲೊಂದು. ದಪ್ಪವನ್ನು ಎಷ್ಟು ತೆಳ್ಳಗೆ ಮಾಡುತ್ತಾ ಹೋದರೂ ಅದು ಮೂರರಲ್ಲೊಂದರಿಂದ ಕದಲಲಿಲ್ಲ. ಹತ್ತನೆಯ ತರಗತಿಯ ಹುಡುಗನಿಗೂ ಹೇಳಿ ಒಪ್ಪಿಸಬಹುದಾದ ಮಾತು.

ಅವರು ಮತ್ತೆ ಪತ್ರಿಕೆಗೆ ಬಂದರು. ಅಕ್ಷರ ದುಂಡಗಿರಲಿಲ್ಲ, ಬಿಡಿಬಿಡಿಯಾಗಿತ್ತು. ಬರೆಯುವ ಅಭ್ಯಾಸ ತಪ್ಪಿ ಬಹಳ ದಿನವಾದವರ ಅಕ್ಷರ.

‘ಎರಡೂ ಬರುತ್ತಿವೆ. ಅರ್ಧವೂ ಮೂರರಲ್ಲೊಂದೂ ಒಂದೇ ಆಗಲಾರವು. ಎಲ್ಲಿಯೋ ಮಾಡಬಾರದ ಗುಣಾಕಾರ ಮಾಡಿದ್ದೇವೆ. ನಾನು ಲೋಹಕ್ಕೆ ಲೇಪ ಹಾಕುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಎಷ್ಟು ತೆಳು ಲೇಪವಾದರೂ ಅದಕ್ಕೆ ದಪ್ಪ ಇದ್ದೇ ಇರುತ್ತದೆ, ದಿನವೂ ಅಳೆಯುತ್ತೇನೆ. ಪ್ರಶ್ನೆಯಲ್ಲಿ ದಪ್ಪವನ್ನು ತೆಗೆದುಹಾಕಿದ್ದಾರೆ. ತೆಗೆದ ಮೇಲೆ ಈ ಪ್ರಶ್ನೆಗೆ ಉತ್ತರವಿಲ್ಲ.’

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು, ಉಳಿದ ಪ್ರಶ್ನೆಗಳನ್ನೂ ತಿದ್ದಿ ಮುಗಿಸಿ ಮುಖಪುಟದ ಅಂಕಗಳನ್ನು ಕೂಡಿದರು. ಮೂವತ್ತೆರಡು. ಪಾಸಾಗಲು ನಲವತ್ತು. ಎಂಟು ಅಂಕ ಸೇರಿದ್ದರೆ ಸರಿಯಾಗಿ ನಲವತ್ತು. ಆ ಕಟ್ಟಿನಲ್ಲಿದ್ದದ್ದು ಇಪ್ಪತ್ಮೂರೇ ಪತ್ರಿಕೆ. ಮೇಲಿನ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ‘ಹಳೆಯ ಪಠ್ಯಕ್ರಮ. ಕೊನೆಯ ಅವಕಾಶ.’ ಎಂದೋ ಓದು ನಿಲ್ಲಿಸಿದವರು, ಬಿದ್ದು ಬಿದ್ದು ಎದ್ದವರು, ಒಂದೇ ಒಂದು ವಿಷಯ ಬಾಕಿ ಉಳಿಸಿಕೊಂಡವರು. ಈ ಸಲ ಹೋದರೆ ಹಳೆಯ ಪಾಸುಗಳೂ ಅದರ ಜೊತೆ ಹೋದವು. ಪದವಿ ಬೇಕಾದರೆ ಹೊಸದಾಗಿ ಸೇರಿ ಮೊದಲಿಂದ ಓದಬೇಕು.

ಉಳಿದ ಇಪ್ಪತ್ತೆರಡನ್ನೂ ಅವರು ತಿರುವಿ ನೋಡಿದರು. ಏಳನೆಯ ಪ್ರಶ್ನೆಗೆ ಎಲ್ಲರೂ ‘ಹೊಸ್ತಿಲಲ್ಲಿ ಅರ್ಧ’ ಎಂದೇ ಬರೆದಿದ್ದರು. ಒಬ್ಬರು ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಆ ಗೆರೆಗೆ ಮೇಡಂ ಅರ್ಧ ಗಂಟೆಯ ಹಿಂದೆ ಎಂಟಕ್ಕೆ ಎಂಟು ಕೊಟ್ಟಿದ್ದರು.

ಹಾಲಿನ ತುದಿಯಲ್ಲಿ ಗಾಜಿನ ಗೋಡೆಯ ಸಣ್ಣ ಕೋಣೆ. ಅದರಲ್ಲಿ ಮುಖ್ಯ ಪರೀಕ್ಷಕ ಕೂತಿದ್ದ. ಒಂದು ಕಾಲಕ್ಕೆ ಮೇಡಂ ಕ್ಲಾಸಿನ ಕೊನೆಯ ಬೆಂಚಿನವನು. ಈಗ ಕತ್ತಿನವರೆಗೆ ಗುಂಡಿ ಹಾಕಿಕೊಳ್ಳುವ ದೊಡ್ಡ ಮನುಷ್ಯ. ಮೇಡಂ ಒಳಗೆ ಬಂದದ್ದು ಕಂಡು ಎದ್ದು ನಿಂತ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಹೇಳಿ ಕಳಿಸಿದ್ರೆ ನಾನೇ ಬರ್ತಿದ್ದೆ."

"ಕೀ ಉತ್ತರದಲ್ಲಿ ಏಳನೇದು ತಪ್ಪು."

"ನಿಮ್ಮ ನೋಟ್ಸಿಂದು ಮೇಡಂ ಅದು! ಹೊಸ್ತಿಲಲ್ಲಿ ಅರ್ಧ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ, ನಾನು ಪಾಸಾಗಿದ್ದೇ ಅದರಿಂದ."

"ನೋಟ್ಸೇ ತಪ್ಪಪ್ಪ."

ಕರಡು ಕಾಗದವನ್ನು ಅವನ ಮುಂದಿಟ್ಟರು. ಅವನು ನಗುತ್ತಲೇ ಓದಲು ಶುರುಮಾಡಿದ. ಮೂರನೆಯ ಸಾಲಿಗೆ ಬಂದಾಗ ನಗು ಮುಖದಲ್ಲಿ ಹಾಗೇ ಉಳಿದು, ಅದರ ಹಿಂದೆ ಇದ್ದದ್ದು ಹೊರಟುಹೋಯಿತು. ಪೆನ್ಸಿಲು ತೆಗೆದುಕೊಂಡು ತಾನೇ ಒಮ್ಮೆ ಮಾಡಿದ. ಇನ್ನೊಂದು ದಾರಿಯಲ್ಲಿ ಮಾಡಿದ.

"ಮೂರರಲ್ಲೊಂದು," ಅಂದ ಮೆಲ್ಲಗೆ.

"ಹೌದು."

"ಬರೀ ಡೆಲ್ಟಾ ಅಂತ ನೋಡಿದ್ರೆ ಅರ್ಥಾನೇ ಇಲ್ಲ, ಅಲ್ವಾ?"

"ಇಲ್ಲ. ಅದನ್ನೇ ಬರೆದಿದೆ ಈ ಮಗು. ಇಪ್ಪತ್ಮೂರರಲ್ಲಿ ಇದೊಂದೇ. ಇದಕ್ಕೇ ನಾನು ಸೊನ್ನೆ ಹಾಕಿದ್ದೀನಿ." ಮೇಡಂ ಪತ್ರಿಕೆ ಮುಂದಿಟ್ಟರು. "ಪೂರ್ತಿ ಓದದೆ ಹಾಕಿಬಿಟ್ಟೆ. ಶಾಯಿಯಲ್ಲಿ ಹಾಕಿದ ಸೊನ್ನೆಯನ್ನು ತಿದ್ದಬೇಕಾದ್ರೆ ನಿನ್ನ ಸಹಿ ಬೇಕು. ಸಹಿ ಹಾಕು, ಎಂಟು ಕೊಡ್ತೀನಿ."

ಮುಖ್ಯ ಪರೀಕ್ಷಕ ಕುರ್ಚಿಗೆ ಒರಗಿದ. ಗಾಜಿನಾಚೆ ಎಲ್ಲರ ತಲೆಗಳೂ ಬಗ್ಗಿದ್ದವು. "ಕೀ ಉತ್ತರಕ್ಕೆ ವಿರುದ್ಧವಾಗಿ ಒಬ್ಬರಿಗೇ ಹೇಗೆ ಕೊಡೋದು ಮೇಡಂ? ಕೀ ಬದಲಾದ್ರೆ ಎಲ್ಲರಿಗೂ ಬದಲಾಗಬೇಕು. ಆಗ ಉಳಿದ ಇಪ್ಪತ್ತೆರಡು ಜನದ ಎಂಟೆಂಟು ಹೋಗುತ್ತೆ. ಅವರು ಏನು ತಪ್ಪು ಮಾಡಿದಾರೆ? ನಾವು ಹೇಳಿಕೊಟ್ಟಿದ್ದನ್ನ ಬರೆದಿದಾರೆ."

"ಪ್ರಶ್ನೇನೇ ರದ್ದು ಮಾಡಿ ಎಲ್ಲರಿಗೂ ಎಂಟು ಕೊಡಿ."

"ಪ್ರಶ್ನೆ ಮೇಲೆ ಆಕ್ಷೇಪಣೆ ಪರೀಕ್ಷೆ ಆಗಿ ಮೂರು ದಿನದೊಳಗೆ ಬರಬೇಕಿತ್ತು. ಇವತ್ತಿಗೆ ಇಪ್ಪತ್ತಾರು ದಿನ."

"ಯಾರು ಮಾಡಬೇಕಿತ್ತು ಆಕ್ಷೇಪಣೆ? ಹಗಲೆಲ್ಲ ಕಾರ್ಖಾನೇಲಿ ದುಡಿಯೋ ಜೀವ ಯಾವ ಕಚೇರಿಗೆ ಓಡಬೇಕಿತ್ತು? ನೀನು ಮೇಲಕ್ಕೆ ಒಂದು ಪತ್ರ ಬರಿ. ನಾನೂ ಬರೀತೀನಿ. ನೋಟ್ಸು ನನ್ನದು, ತಪ್ಪು ನನ್ನದು, ಹನ್ನೊಂದು ವರ್ಷ ತಪ್ಪು ಹೇಳಿಕೊಟ್ಟಿದ್ದೀನಿ ಅಂತ ಸಹಿ ಮಾಡಿ ಕೊಡ್ತೀನಿ. ನಿವೃತ್ತಿಗೆ ಎಂಟು ತಿಂಗಳಿದೆ, ಏನು ಮಾಡ್ತಾರೋ ಮಾಡಲಿ."

ಅವನು ಪತ್ರಿಕೆಯ ಒಂದು ಸಾಲಿನ ಕೆಳಗೆ ಬೆರಳಿಟ್ಟುಕೊಂಡಿದ್ದ. "ಕಾರ್ಖಾನೆ ಅಂದ್ರಲ್ಲ ಮೇಡಂ. ನಿಮಗೆ ಹೇಗೆ ಗೊತ್ತಾಯ್ತು?"

ಮೇಡಂ ಅವನ ಬೆರಳಿನ ಕಡೆ ನೋಡಿದರು.

"ಇಲ್ಲಿ ಬರೆದಿದೆ," ಅಂದ ಅವನು. "ಪತ್ರ ಮೇಲಕ್ಕೆ ಹೋದ್ರೆ ಪತ್ರಿಕೇನೂ ಜೊತೆಗೆ ಹೋಗುತ್ತೆ. ಅಲ್ಲಿ ಕೂತಿರೋರು ಗಣಿತ ಓದಲ್ಲ ಮೇಡಂ, ಈ ಸಾಲು ಓದ್ತಾರೆ. ಪರೀಕ್ಷಾರ್ಥಿ ತನ್ನ ಗುರುತು ಕೊಟ್ಟಿದಾನೆ, ಮರುಕ ಹುಟ್ಟಿಸೋಕೆ ನೋಡಿದಾನೆ. ಅಕ್ರಮ! ಫೇಲಾದ್ರೆ ಹೊಸದಾಗಿ ಸೇರಿ ಓದಬಹುದು. ಇದರಲ್ಲಿ ಸಿಕ್ಕಿಬಿದ್ರೆ ಮೂರು ವರ್ಷ ಯಾವ ಬಾಗಿಲೂ ಇಲ್ಲ."

"ಮರುಕಕ್ಕೆ ಬರೆದಿದ್ದಲ್ಲ ಅದು. ಪ್ರಮಾಣಕ್ಕೆ ಬರೆದಿದ್ದು. ಪದರಕ್ಕೆ ದಪ್ಪ ಇರುತ್ತೆ ಅನ್ನೋಕೆ."

"ನನಗೆ ಗೊತ್ತು, ನಿಮಗೆ ಗೊತ್ತು."

ಮೇಡಂ ಕೈ ಚಾಚಿ ಪತ್ರಿಕೆಯನ್ನು ತಮ್ಮ ಕಡೆ ಎಳೆದುಕೊಂಡರು, ಯಾರೋ ಕಿತ್ತುಕೊಳ್ಳುತ್ತಾರೆ ಎಂಬ ಹಾಗೆ. ಪುಟವನ್ನು ಮಗುಚಿ ಹೊಡೆದುಹಾಕಿದ ಭಾಗ ತೆಗೆದರು. ತಮ್ಮದಲ್ಲದ ಧ್ವನಿಯಲ್ಲಿ ಕೇಳಿದರು.

"ಹಾಗಾದ್ರೆ ಇದಕ್ಕೆ ಕೊಡೋಣ. ಅರ್ಧ ಅಂತ ಬರೆದೇ ಇದೆಯಲ್ಲ. ಮೂರು ಸಾಲೂ ಕೀ ಉತ್ತರದಂತೆಯೇ ಇದೆ. ಗೆರೆ ಎಳೆದಿದ್ದು ಕಾಣಲಿಲ್ಲ ಅಂದ್ಕೊಂಡು ಕೊಟ್ಟುಬಿಡೋಣ."

"ಮೇಡಂ," ಅಂದ ಅವನು. ಅವನ ಮುಖದಲ್ಲಿ ಸಂಕಟವಿತ್ತು. "ಅದು ತಪ್ಪು ಉತ್ತರ ಅಂತ ಈಗ ತಾನೇ ಹೇಳಿದ್ರಿ."

"ತಪ್ಪಿಗೆ ಇಪ್ಪತ್ತೆರಡು ಜನಕ್ಕೆ ಕೊಟ್ಟಿದ್ದೀವಿ. ಇನ್ನೊಬ್ಬರಿಗೆ ಕೊಡೋಣ."

"ಹೊಡೆದುಹಾಕಿದ್ದಕ್ಕೆ ಅಂಕ ಇಲ್ಲ ಅನ್ನೋದು ನಿಯಮದ ಪುಸ್ತಕದಲ್ಲೇ ಇದೆ. ಪಕ್ಕದಲ್ಲಿ ನಿಮ್ಮದೇ ಸೊನ್ನೆ ಇದೆ. ಅದನ್ನ ಎಂಟು ಮಾಡಿ ನಾನು ಸಹಿ ಹಾಕಿದ್ರೆ ಪರಿಶೀಲಕರು ಮೊದಲು ಕೇಳೋದು ಯಾಕೆ ಅಂತ. ಆಗ ಪುಟ ತಿರುವ್ತಾರೆ. ಈ ಸಾಲು ಓದ್ತಾರೆ." ಅವನು ಟೇಬಲ್ಲಿನ ಮೇಲಿದ್ದ ಗಾಜಿನ ಲೋಟದ ನೀರನ್ನು ಅವರ ಕಡೆ ಸರಿಸಿದ. "ನೀವು ಎಲ್ಲಿ ಮುಟ್ಟಿದ್ರೂ ಅದು ಅಲ್ಲಿಗೇ ಬಂದು ನಿಲ್ಲುತ್ತೆ ಮೇಡಂ. ಸದ್ಯಕ್ಕೆ ಯಾರೂ ನೋಡಿಲ್ಲ. ಹಾಗೇ ಇರಲಿ."

"ಒಂದು ವೇಳೆ ನೀನು ಈ ಪರೀಕ್ಷೆ ಬರೆದಿದ್ರೆ?"

"ನಾನು ಅರ್ಧ ಅಂತ ಬರೀತಿದ್ದೆ ಮೇಡಂ," ಅಂದ ಅವನು. "ಬರೆದೇ ಇಲ್ಲಿ ಕೂತಿರೋದು."

ಊಟದ ಹೊತ್ತಿಗೆ ಮೇಡಂ ಟ್ರೇಯಿಂದ ಫೋನು ತೆಗೆದುಕೊಂಡು ವರಾಂಡಕ್ಕೆ ಹೋದರು. ಮೂರು ಸಲ ಕರೆ ಬಂದಿತ್ತು, ಮೂರೂ ತಂಗಿಯದೇ. ಅಕ್ಕತಂಗಿಯರು ಒಂದೇ ಮನೆಯಲ್ಲಿ ಇರುವವರು. ತಂಗಿಗೆ ಹೊಲಿಗೆಯ ಅಂಗಡಿ.

"ಚಪ್ಪಲಿ ಬದಲಾಯಿಸಿ ಹಾಕ್ಕೊಂಡು ಹೋಗಿದೀಯ ಅಕ್ಕಾ, ಒಂದು ನಿಂದು ಒಂದು ನಂದು. ನಿನ್ನ ಕಾಲಿಗೆ ಗೊತ್ತಾಗ್ಲಿಲ್ವಾ?"

ಮೇಡಂ ಕೆಳಗೆ ನೋಡಿಕೊಂಡರು. ಹೌದು. "ಇಲ್ಲ ಕಣೇ, ಗೊತ್ತಾಗ್ಲಿಲ್ಲ."

"ಧ್ವನಿ ಯಾಕೆ ಹಾಗಿದೆ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ನಲಿಲ್ಲ. ಅಂದಿದ್ರೆ ಚೆನ್ನಾಗಿತ್ತು. ಒಂದು ಲೆಕ್ಕ ಹನ್ನೊಂದು ವರ್ಷ ತಪ್ಪು ಹೇಳಿಕೊಟ್ಟಿದ್ದೀನಿ. ಈಗ ಯಾರೋ ಒಬ್ಬರು ಸರಿ ಮಾಡಿದಾರೆ. ಅವರನ್ನ ಫೇಲ್ ಮಾಡ್ತಿದೀನಿ."

ತಂಗಿಯ ಕಡೆ ಮಿಷನ್ನಿನ ಸದ್ದು ನಿಂತಿತು. "ಅಳತೆ ತಪ್ಪಿದ್ರೆ ಬಿಚ್ಚಿ ಹೊಲೀಬೇಕಪ್ಪ. ನಾನು ಎಷ್ಟು ತೋಳು ಬಿಚ್ಚಿಲ್ಲ?"

"ಬಿಚ್ಚೋಕೆ ಬಿಡಲ್ಲ ಕಣೇ. ಬಿಚ್ಚೋಕೆ ಹೋದ್ರೆ ಬಟ್ಟೇನೇ ಹರಿಯುತ್ತೆ."

"ನಿನ್ನ ಕೈಲಿ ತಾನೇ ಪೆನ್ನಿರೋದು?"

"ನನ್ನ ಕೈಲೇ ಇದೆ," ಅಂದರು ಮೇಡಂ. "ಅದೇ ನೋಡು."

ಡಬ್ಬಿ ತೆರೆಯದೆ ಅವರು ಹಾಲಿಗೆ ವಾಪಸು ಬಂದರು. ಯಾರೂ ಇರಲಿಲ್ಲ. ಫ್ಯಾನಿನ ಗಾಳಿಗೆ ಮೂವತ್ತು ಮೇಜಿನ ಮೇಲಿನ ಹಾಳೆಗಳ ಅಂಚುಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಬೀಳುತ್ತಿದ್ದವು. ಒಂದು ದಾರಿ ಉಳಿದಿತ್ತು. ಕೊನೆಯ ಅವಕಾಶದವರಿಗೆ ಐದು ಕೃಪಾಂಕ ಸಿಗುತ್ತದೆ. ಮೂವತ್ತೈದು ಮುಟ್ಟಿದರೆ ಸಾಕು, ಉಳಿದ ಐದನ್ನು ಕಚೇರಿಯೇ ಸೇರಿಸಿ ದಡ ಮುಟ್ಟಿಸುತ್ತದೆ. ಮೂವತ್ತೆರಡಕ್ಕೆ ಮೂರು ಬೇಕು. ಏಳನೆಯ ಪ್ರಶ್ನೆಯನ್ನು ಮುಟ್ಟದೆ, ಉಳಿದ ಒಂಬತ್ತರಲ್ಲಿ ಎಲ್ಲಾದರೂ ನ್ಯಾಯವಾಗಿ ಮೂರು ಅಂಕ. ಮರುನೋಟದಲ್ಲಿ ಒಂದೊಂದು ಅಂಕ ತಿದ್ದಲು ಪರಿಶೀಲಕರ ಸಹಿ ಸಾಕು.

ಮೊದಲ ಪುಟದಿಂದ ಶುರುಮಾಡಿದರು. ಅಕ್ಕಿಯಲ್ಲಿ ಕಲ್ಲು ಆರಿಸುವವರು ನೋಡುವ ಹಾಗೆ ನೋಡಿದರು, ಕಲ್ಲಿನಲ್ಲಿ ಅಕ್ಕಿ ಹುಡುಕುತ್ತಿದ್ದರು ಅಷ್ಟೇ. ಎರಡನೆಯ ಪ್ರಶ್ನೆಯಲ್ಲಿ ಚಿತ್ರಕ್ಕೆ ಒಂದು ಅಂಕ ಬಿಟ್ಟುಹೋಗಿತ್ತು, ಬಾಣದ ಗುರುತು ಮಸುಕಾಗಿದ್ದರಿಂದ ಬೆಳಿಗ್ಗೆ ಕಂಡಿರಲಿಲ್ಲ. ಅದು ನ್ಯಾಯ. ನಾಲ್ಕರಲ್ಲಿ ಕೊನೆಯ ಸಂಖ್ಯೆ ತಪ್ಪಿದ್ದರೂ ಅದರ ಹಿಂದಿನ ಹೆಜ್ಜೆ ಸರಿಯಿತ್ತು, ಹೆಜ್ಜೆಗೆ ಅಂಕ ಕೊಡಬೇಕೆಂದು ಕೀ ಉತ್ತರವೇ ಹೇಳುತ್ತದೆ. ಅದೂ ನ್ಯಾಯ. ಮೂವತ್ನಾಲ್ಕು.

ಇನ್ನು ಒಂದು.

ಐದು, ಆರು, ಎಂಟು. ಎಂಟರಲ್ಲಿ ಅರ್ಧ ಪುಟ ಖಾಲಿ ಬಿಟ್ಟಿತ್ತು, ಸಮಯ ಸಾಲದೆ ಇರಬೇಕು. ಆ ಸಮಯ ಎಲ್ಲಿ ಹೋಯಿತು ಎಂಬುದು ಮೇಡಂಗೆ ಗೊತ್ತಿತ್ತು. ಒಂಬತ್ತರಲ್ಲಿ ಒಂದು ಋಣ ಚಿಹ್ನೆ ತಪ್ಪಿ, ಅಲ್ಲಿಂದ ಕೆಳಗೆ ಎಲ್ಲವೂ ತಪ್ಪಾಗಿತ್ತು. ಹತ್ತನೆಯದನ್ನು ಬರೆದೇ ಇರಲಿಲ್ಲ. ಮೂರು ಸಲ ಮೊದಲಿಂದ ಕೊನೆಯವರೆಗೆ ಹೋಗಿ ಬಂದರು. ಜನ ಕೈ ತೊಳೆದು ಬರಲು ಶುರುಮಾಡಿದಾಗ, ಒಂಬತ್ತನೆಯ ಪ್ರಶ್ನೆಯ ಪಕ್ಕದ ಎರಡನ್ನು ಮೂರು ಮಾಡಿ, ಮೇಲೆ ಮೂವತ್ತೈದು ಎಂದು ಬರೆದರು. ಜೀವನದಲ್ಲಿ ಮೊದಲ ಸಲ ಅವರ ಮೂರು ಅಷ್ಟು ಸೊಟ್ಟಗೆ ಬಂತು.

ಪರಿಶೀಲಕರ ಸರದಿ ಮೂರು ಗಂಟೆಗೆ. ಅವರು ಕಚೇರಿಯ ಹಳೆಯ ಆಸಾಮಿ, ಗಣಿತದವರೂ ಅಲ್ಲ, ಭೌತಶಾಸ್ತ್ರದವರೂ ಅಲ್ಲ. ಆದರೆ ಕೀ ಉತ್ತರವನ್ನೂ ಪತ್ರಿಕೆಯನ್ನೂ ಅಕ್ಕಪಕ್ಕ ಇಟ್ಟರೆ ಒಂದು ಅಂಕದ ಏರುಪೇರೂ ಅವರ ಕಣ್ಣು ತಪ್ಪಿಸುವುದಿಲ್ಲ. ಅವರಿಗೆ ತಕ್ಕಡಿ ಎಂದು ಹೆಸರಿಟ್ಟವರು ಯಾರೋ, ಈಗ ತಕ್ಕಡಿಯ ಮೊಮ್ಮಗನಿಗೂ ಅದೇ ಹೆಸರು ಸಾಗಿ ಬಂದಿದೆ ಎಂದು ಎಕ್ಸ್‌ಪ್ರೆಸ್ ತಮಾಷೆ ಮಾಡುತ್ತಿದ್ದ.

"ಅಕ್ಕಾ," ಅಂದರು ತಕ್ಕಡಿ, ಕುರ್ಚಿಯನ್ನು ಹತ್ತಿರ ಎಳೆದುಕೊಂಡು. ಮೂವತ್ತು ವರ್ಷದ ಪರಿಚಯ, ಹಾಗೇ ಕರೆಯುತ್ತಿದ್ದರು. "ಇದರಲ್ಲಿ ಮೂರು ಕಡೆ ತಿದ್ದಿದೀರಿ."

"ಮರುನೋಟದಲ್ಲಿ ಕಂಡಿತು."

"ಎರಡನೇದು ಸರಿ. ನಾಲ್ಕನೇದು…" ಅವರು ಕೀ ಉತ್ತರದ ಮೇಲೆ ಬೆರಳು ಓಡಿಸಿದರು. "ಹೂಂ, ಹೆಜ್ಜೆ ಅಂಕ. ಸರಿ. ಒಂಬತ್ತನೇದಕ್ಕೆ ಈ ಒಂದು ಎಲ್ಲಿಂದ ಬಂತು?"

ಮೇಡಂ ಕೀ ಉತ್ತರದ ಹಾಳೆಯಿಂದ ಕಣ್ಣು ತೆಗೆದರು.

"ಚಿಹ್ನೆ ತಪ್ಪಿದ ಮೇಲೆ ಮುಂದಕ್ಕಿಲ್ಲ ಅಂತ ಇಲ್ಲಿದೆ. ಬೇರೆ ಪತ್ರಿಕೆಗಳಲ್ಲಿ ನೀವೇ ಕೊಟ್ಟಿಲ್ಲ. ಹನ್ನೊಂದನೇದರಲ್ಲಿ ಇಲ್ಲ, ಹತ್ತೊಂಬತ್ತನೇದರಲ್ಲಿ ಇಲ್ಲ."

"ಒಂದು ಅಂಕ ತಮ್ಮಾ."

"ಒಂದೇ ಅಲ್ವಾ ಅಕ್ಕ ಎಲ್ಲಾ ಕಡೆ ಇರೋದು?" ಅವರ ಮಾತಿನಲ್ಲಿ ಗದರಿಕೆ ಇರಲಿಲ್ಲ. "ಮೂವತ್ತೈದಕ್ಕೆ ಸರಿಯಾಗಿ ನಿಂತಿದೆ. ಮೂವತ್ತೈದಕ್ಕೆ ನಿಂತಿದ್ದನ್ನೆಲ್ಲ ಮೇಲೆ ಇನ್ನೊಂದು ಸಲ ತೆಗೆದು ನೋಡ್ತಾರೆ, ನಿಮಗೆ ಗೊತ್ತಿಲ್ವಾ? ಮೊದಲಿಂದ ಕೊನೇವರೆಗೂ ಓದ್ತಾರೆ." ಏಳನೆಯ ಪ್ರಶ್ನೆಯ ಪುಟಕ್ಕೆ ತಿರುಗಿಸಿ, ಆ ಬಿಡಿಬಿಡಿ ಅಕ್ಷರದ ಮೇಲೆ ಒಂದು ಗಳಿಗೆ ನಿಂತು, ಏನೂ ಓದದವರ ಹಾಗೆ ಮುಚ್ಚಿದರು. "ನಾನು ಬಿಟ್ಟು ಕಳಿಸಿದ್ರೂ ಅದು ಉಳಿಯಲ್ಲ. ಇರೋದೂ ಹೋಗುತ್ತೆ."

ಅವರು ತಮ್ಮ ಹಸಿರು ಶಾಯಿಯ ಪೆನ್ನನ್ನು ಮೇಡಂ ಮುಂದೆ ಇಟ್ಟರು. ತಾವೇ ತಿದ್ದಬಹುದಿತ್ತು, ಅವರಿಗೆ ಆ ಅಧಿಕಾರವಿತ್ತು. ಪೆನ್ನು ಇಳಿಜಾರಿನಲ್ಲಿ ಉರುಳಿ ಮೇಡಂ ಮಡಿಲಿಗೆ ಬಿತ್ತು.

ಸೊಟ್ಟಗಿದ್ದ ಮೂರನ್ನು ಮೇಡಂ ಎರಡು ಮಾಡಿದರು. ಮೂವತ್ತೈದನ್ನು ಮೂವತ್ನಾಲ್ಕು ಮಾಡಿದರು. ಪಕ್ಕದಲ್ಲಿ ಇಬ್ಬರೂ ಸಹಿ ಹಾಕಿದರು.

"ಒಂದೆರಡು ತಿಂಗಳಲ್ಲಿ ಹೊಸ ಪ್ರವೇಶ ಶುರುವಾಗುತ್ತೆ," ಅಂದರು ತಕ್ಕಡಿ ಏಳುತ್ತಾ. "ಓದೋ ಮನಸ್ಸಿದ್ದೋರು ಸೇರ್ಕೊಳ್ತಾರೆ ಬಿಡಿ."

"ಅಲ್ಲೂ ಅದೇ ನೋಟ್ಸೇ ಇರೋದು," ಅಂದರು ಮೇಡಂ. ತಕ್ಕಡಿ ಅಷ್ಟರಲ್ಲಿ ಮುಂದಿನ ಮೇಜಿಗೆ ಹೋಗಿದ್ದರು.

ಐದು ಗಂಟೆಗೆ ಕಟ್ಟುಗಳನ್ನು ಒಪ್ಪಿಸಬೇಕು. ಎಕ್ಸ್‌ಪ್ರೆಸ್ ತನ್ನ ಎರಡು ಕಟ್ಟನ್ನೂ ಕಂಕುಳಲ್ಲಿ ಹೊತ್ತು, "ಬರ್ತೀನಿ ಮೇಡಂ, ಗಾಡಿ ಲೇಟಾದ್ರೆ ಹೆಸರು ಕೆಡುತ್ತೆ," ಎಂದು ಹೊರಟೇಹೋದ. ಕಟ್ಟು ಒಪ್ಪಿಸುವವರು ಅಂಕ ಓದಿ ಮುಗಿಯುವವರೆಗೆ ನಿಲ್ಲಬೇಕೆಂದೇನೂ ಇಲ್ಲ, ಯಾರೂ ನಿಲ್ಲುವುದಿಲ್ಲ. ಮೇಡಂ ತಮ್ಮ ಇಪ್ಪತ್ಮೂರನ್ನು ಕಚೇರಿಯ ಕೌಂಟರಿನ ಮೇಲಿಟ್ಟು ಅಲ್ಲೇ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತರು.

ಒಳಗೆ ಇಬ್ಬರು ಗುಮಾಸ್ತರು. ಒಬ್ಬ ಪತ್ರಿಕೆಯ ಕ್ರಮಸಂಖ್ಯೆಯನ್ನೂ ಅಂಕವನ್ನೂ ಓದುತ್ತಿದ್ದ, ಇನ್ನೊಬ್ಬ ಅದನ್ನೇ ತಿರುಗಿ ಹೇಳಿ ಪಟ್ಟಿಯಲ್ಲಿ ತುಂಬುತ್ತಿದ್ದ. ಪ್ರಾರ್ಥನೆಗೆ ದನಿಗೂಡಿಸುವ ಮಕ್ಕಳ ಹಾಗೆ ಒಂದು ರಾಗ ಅಭ್ಯಾಸವಾಗಿಬಿಟ್ಟಿತ್ತು.

"ಹನ್ನೆರಡು. ಐವತ್ತೊಂದು."

"ಐವತ್ತೊಂದು."

"ಹದಿಮೂರು. ನಲವತ್ತನಾಲ್ಕು."

"ನಲವತ್ತನಾಲ್ಕು."

"ಹದಿನಾಲ್ಕು. ಮೂವತ್ನಾಲ್ಕು."

"ಮೂವತ್ನಾಲ್ಕು."

ಬರೆಯುವವನು ಕೆಂಪು ಪೆನ್ನು ತೆಗೆದುಕೊಂಡು, ಸ್ಕೇಲು ಇಟ್ಟು, ಆ ಅಂಕದ ಕೆಳಗೆ ಒಂದು ಸಣ್ಣ ಗೆರೆ ಎಳೆದ. ಸ್ಕೇಲು ಕೊಡವಿ ಪಕ್ಕಕ್ಕಿಟ್ಟು ಮತ್ತೆ ನೀಲಿ ಪೆನ್ನು ಹಿಡಿದ.

"ಹದಿನೈದು. ನಲವತ್ತೆಂಟು."

"ನಲವತ್ತೆಂಟು."

ಹೊತ್ತು ಮುಗಿಯುತ್ತ ಬಂದಿತ್ತು. ಕಸ ಗುಡಿಸುವಾಕೆ ಆಚೆ ಕೊನೆಯಿಂದ ಗುಡಿಸುತ್ತಾ ಬಂದಳು. ದಾರದ ತುಂಡು, ಅಂಟಿನ ಕಾಗದ, ಪೆನ್ಸಿಲಿನ ಸಿಪ್ಪೆ, ಎಲ್ಲ ಅವಳ ಮುಂದೆ ರಾಶಿಯಾಗಿ ತಳ್ಳಿಸಿಕೊಂಡು ಬರುತ್ತಿತ್ತು. ಬೆಂಚಿನ ಹತ್ತಿರ ಬಂದು ನಿಂತಳು.

"ಕಾಲು ಸ್ವಲ್ಪ ಎತ್ತಿ ಅಮ್ಮಾ."

ಮೇಡಂ ಒಂದು ಕಾಲು ಎತ್ತಿದರು. ಪೊರಕೆ ಹಾದುಹೋಯಿತು. ಅದನ್ನು ಇಳಿಸಿ ಇನ್ನೊಂದನ್ನು ಎತ್ತಿದರು. ಗುಡಿಸುವಾಕೆ ಮುಂದಕ್ಕೆ ಹೋಗಿ, ವರಾಂಡ ದಾಟಿ, ರಾಶಿಯನ್ನು ಮೆಟ್ಟಿಲಿನಿಂದ ಕೆಳಕ್ಕೆ ತಳ್ಳಿದಳು. ಒಳಗೆ ಹದಿನೇಳನ್ನು ಓದುತ್ತಿದ್ದರು. ಮೇಡಂ ಎತ್ತಿದ ಕಾಲನ್ನು ಇನ್ನೂ ಇಳಿಸಿರಲಿಲ್ಲ.